ಚೋಮನ ಬೇಡಿಕೆ

ಮಾನವ ಹಕ್ಕುಗಳ ಮಾತು ಬಂದೊಡನೆ 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ಘೋಷಣೆಯನ್ನು ನೆನೆಯುವುದು ವಾಡಿಕೆ. ಅದಕ್ಕೆ ಹದಿನೈದು ವರ್ಷ ಮೊದಲೇ, 1933ರಲ್ಲಿ, ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾಗಿತ್ತು. ವಾಚಕರಲ್ಲಿ ಅನೇಕರು ಅದನ್ನು ವಿದ್ಯಾರ್ಥಿದೆಸೆಯಲ್ಲಿ ಓದಿ, ಕಣ್ಣೊರೆಸಿಕೊಂಡು ಮುಚ್ಚಿಟ್ಟಿರಬಹುದು. ಈಗೊಮ್ಮೆ ಕಣ್ಣೀರನ್ನು ಬದಿಗಿರಿಸಿ ಓದಿರೆಂದು ನಮ್ಮ ಕೋರಿಕೆ.

ಚೋಮನು ಬೇಡುವುದೇನು? ತಾನು ಸಾಕಿದ ಜೋಡಿ ಎತ್ತುಗಳನ್ನು ಹೂಡಲು ಗೇಣಿಗೊಂದು ತುಂಡು ನೆಲ. ಅಸ್ಪೃಶ್ಯನಾಗಿ ಹುಟ್ಟಿದವನು ಬೇಸಾಯಗಾರನಾಗಬಾರದೆಂಬುದು ಊರಿನ ಕಟ್ಟಳೆ. ಇಲ್ಲಿ ಒಡೆಯ ಸಂಕಪ್ಪಯ್ಯನ ಪಾತ್ರವನ್ನು ನಿಧಾನವಾಗಿ ನೋಡಬೇಕು. ಆತ ಕ್ರೂರಿಯಲ್ಲ, ಚೋಮನ ವಿಷಯದಲ್ಲಿ ಮನಸ್ಸು ಕರಗಿದವನೇ. ಆದರೆ ಮನೆಯೊಳಗಿನಿಂದ ತಾಯಿ ಸಂಪ್ರದಾಯದ ಹೆಸರು ಹೇಳಿ ಆಕ್ಷೇಪಿಸಿದೊಡನೆ ಆತನ ಸದಿಚ್ಛೆ ಅಲ್ಲಿಗೇ ನಿಲ್ಲುತ್ತದೆ. ಕಾರಂತರು ದುಷ್ಟನಾದ ಒಡೆಯನೊಬ್ಬನನ್ನು ಸೃಷ್ಟಿಸಿದ್ದರೆ ನಾವೆಲ್ಲ ಅವನನ್ನು ಶಪಿಸಿ ನಿಶ್ಚಿಂತರಾಗುತ್ತಿದ್ದೆವು. ಸಜ್ಜನನನ್ನು ಮುಂದಿಟ್ಟುದರಿಂದ ಪ್ರಶ್ನೆ ನಮ್ಮ ಬಾಗಿಲಿಗೇ ಬಂದು ನಿಂತಿದೆ. ಒಬ್ಬನ ಅನ್ನದ ದಾರಿ ಇನ್ನೊಬ್ಬನ ಅನುಕಂಪವನ್ನೇ ನೆಚ್ಚಿಕೊಂಡಿರುವಾಗ, ಅದನ್ನು ಮುಚ್ಚಲು ಮನೆಯ ಹಿರಿಯರೊಬ್ಬರ ಮಾತು ಸಾಕಾಗುತ್ತದೆ. ದಾಸೋಹದ ಪರಂಪರೆಯಲ್ಲಿ ಬೆಳೆದು ನೀಡುವ ಕೈಯನ್ನೇ ಕೊಂಡಾಡುತ್ತ ಬಂದ ನಾವು ಈ ಪ್ರಕರಣವನ್ನು ಎರಡು ಬಾರಿ ಓದುವುದು ಲೇಸು.

ಕಥೆ ನಡೆಯುವ ದಕ್ಷಿಣ ಕನ್ನಡವು ಅಂದು ಮದರಾಸು ಪ್ರಾಂತಕ್ಕೆ ಸೇರಿತ್ತು. ಮುಂದೆ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಉಳುವವನನ್ನು ಒಡೆಯನನ್ನಾಗಿಸಿತು. ಸಾಲಕ್ಕಾಗಿ ದುಡಿಸುವ ಜೀತವನ್ನು 1976ರ ಕಾಯಿದೆ ರದ್ದುಪಡಿಸಿತು. ಇವುಗಳ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಒಂದು ಸಂಗತಿಯನ್ನು ಗಮನಿಸಿ. ಭೂಸುಧಾರಣೆಯ ಮುಖ್ಯ ಫಲ ದೊರೆತದ್ದು ಗೇಣಿದಾರನಿಗೆ. ಚೋಮನು ಗೇಣಿದಾರನಾಗಿರಲಿಲ್ಲ, ಗೇಣಿದಾರನಾಗಬೇಕೆಂಬುದೇ ಅವನ ಈಡೇರದ ಆಸೆಯಾಗಿತ್ತು. ಉಳಲು ಬಿಡದವನ ಹೆಸರು ಯಾವ ಪಹಣಿಯಲ್ಲಿ ದೊರೆತೀತು?

ಮಗನು ಹೊಳೆಯಲ್ಲಿ ಮುಳುಗುವಾಗ ದಡದಲ್ಲಿದ್ದವರು ಮೈಲಿಗೆಗೆ ಅಂಜಿ ಇಳಿಯದ ಪ್ರಸಂಗ ಎಲ್ಲರಿಗೂ ನೆನಪಿರುತ್ತದೆ. ಅದನ್ನು ವಿವರಿಸುವ ಅಗತ್ಯವಿಲ್ಲ.

ಬಿ.ವಿ. ಕಾರಂತರು ಈ ಕಾದಂಬರಿಯನ್ನು ತೆರೆಗೆ ತಂದ 1975ರಲ್ಲಿಯೇ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾದುದು ಕಾಕತಾಳೀಯವಿರಬಹುದು; ವಿಮರ್ಶಕನಿಗಂತೂ ಅದು ಒಳ್ಳೆಯ ಪಾಠ. ಕಾದಂಬರಿಯಲ್ಲಿ ಏಕಾಂಗಿಯಾಗಿ ಅಂಗಲಾಚಿದ ದನಿ ಈ ಕವನಗಳಲ್ಲಿ ಬಹುವಚನವಾಗಿದೆ, ಬೀದಿಗೆ ಬಂದಿದೆ, ಲೆಕ್ಕ ಕೇಳುತ್ತದೆ. ಮಡಿವಂತ ಓದುಗರಿಗೆ ಆ ಭಾಷೆ ಒರಟೆನಿಸಿತು. ನಮಗೂ ಮೊದಲ ಓದಿನಲ್ಲಿ ಹಾಗೆಯೇ ಅನಿಸಿತ್ತೆಂದು ಒಪ್ಪಿಕೊಳ್ಳುತ್ತೇವೆ; ಅದು ನಮ್ಮ ಕಿವಿಯ ದೋಷ. ಆ ಸಂಕಲನದ ಕೆಲವು ರಚನೆಗಳು ಘೋಷಣೆಯಲ್ಲೇ ನಿಲ್ಲುತ್ತವೆಂಬುದೂ ನಿಜವೇ. ಸಂಕಪ್ಪಯ್ಯನಂತಹ ದ್ವಂದ್ವದ ಮನುಷ್ಯನಿಗೆ ಅಲ್ಲಿ ಎಡೆಯಿಲ್ಲ. ಆದರೆ ಚೋಮನಿಗೆ ದುಡಿಯ ಹೊರತು ಬೇರೆ ಭಾಷೆ ದೊರೆಯಲಿಲ್ಲ. ಈ ಕವಿಗೆ ದೊರೆಯಿತು. ಅನ್ಯರು ತನ್ನ ಪರವಾಗಿ ಮರುಗುವುದಕ್ಕೂ ತಾನೇ ಎದ್ದು ಕೇಳುವುದಕ್ಕೂ ಇರುವ ಅಂತರವನ್ನು ಈ ಎರಡು ಕೃತಿಗಳನ್ನು ಒಟ್ಟಿಗಿರಿಸಿ ಓದಿದಾಗ ಕಾಣಬಹುದು.

ಕಾದಂಬರಿಯ ವಿಷಯದಲ್ಲಿ ನಮ್ಮದೊಂದು ತಕರಾರು ಉಳಿದಿದೆ. ಕಾಫಿ ತೋಟದ ಸಾಲ ಕಡೆಗೆ ತೀರುವುದು ಚೋಮನ ಮಗಳು ಬೆಳ್ಳಿಯ ಮೈಯ ಬೆಲೆಯಿಂದ. ಆ ಸಾಲ ಬರೆದಿಟ್ಟವರ ಮೇಲೆ ಎರಗದ ಚೋಮನ ಕೋಪ ಎರಗುವುದು ಅದೇ ಮಗಳ ಮೇಲೆ. ತಂದೆಯ ನೋವಿಗೆ ದುಡಿಯನ್ನು ಕೊಟ್ಟ ಕಾದಂಬರಿಕಾರರು ಬೆಳ್ಳಿಯ ಕೈಗೆ ಏನನ್ನೂ ಕೊಡಲಿಲ್ಲ. ಬಾಗಿಲು ಮುಚ್ಚಿಕೊಂಡು ಚೋಮ ಬಾರಿಸುವ ಆ ಕೊನೆಯ ಪುಟಗಳನ್ನು ಓದುವಾಗಲೆಲ್ಲ ನಮ್ಮ ಮನಸ್ಸು ಹೊರಗಿರುವ ಬೆಳ್ಳಿಯನ್ನೇ ಹುಡುಕುತ್ತದೆ.