ತೂತು ಕೊರೆಯೋದು ಸುಲಭದ ಭಾಗ

ಕಮ್ಮನಹಳ್ಳಿ ಮೇನ್ ರೋಡಿನ ಹಾರ್ಡ್‌ವೇರ್ ಅಂಗಡಿಯಲ್ಲಿ 3.5 ಎಂಎಂ ಡ್ರಿಲ್ ಬಿಟ್ ಕೇಳಿದರೆ ಎದುರಾಗೋದು ಒಂದೇ ಪ್ರಶ್ನೆ: "ಗೋಡೆಗಾ, ಮರಕ್ಕಾ ಸಾರ್?" ಸ್ಕೀಗೆ ಅಂತ ಹೇಳೋ ಧೈರ್ಯ ಬರಲಿಲ್ಲ. ಮರಕ್ಕೆ ಅಂದೆ. ಪೂರ್ತಿ ಸುಳ್ಳೇನಲ್ಲ, ಬಹುಪಾಲು ಸ್ಕೀಗಳ ಹೊಟ್ಟೆಯೊಳಗೆ ಇರೋದು ಮರವೇ.

ಬೆಂಗಳೂರಿನವನಿಗೆ ಸ್ಕೀ ಯಾಕಪ್ಪಾ ಅಂತ ನಗಬೇಡಿ. 2024ರಲ್ಲಿ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದ ಭವಾನಿ ತೆಕ್ಕಡ ನಂಜುಂಡ ಕೊಡಗಿನವರು. ನನ್ನದು ಅಂಥ ಸಾಧನೆ ಅಲ್ಲ ಬಿಡಿ. ವರ್ಷಕ್ಕೊಂದು ವಾರ ರಜೆ ಹಾಕಿ ಹಿಮ ನೋಡೋಕೆ ಹೋಗೋ ಜಾತಿ. ಕೆನಡಾದಿಂದ ವಾಪಸಾದ ಗೆಳೆಯನೊಬ್ಬ ಬ್ಯಾಕ್‌ಕಂಟ್ರಿ ಸ್ಕೀ ಜೋಡಿಯೊಂದನ್ನು ನನಗೆ ದಾಟಿಸಿದ. ಬ್ಯಾಕ್‌ಕಂಟ್ರಿ ಅಂದರೆ ಕೇಬಲ್ ಕಾರಿನ ಹಂಗಿಲ್ಲ, ನಿಮ್ಮ ಕಾಲಲ್ಲೇ ಬೆಟ್ಟ ಹತ್ತಿ, ಅದೇ ಕಾಲಲ್ಲಿ ಜಾರಿ ಇಳಿಯೋದು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಮಾತ್ರ ಬಿಡಿಯಾಗಿ ಡಬ್ಬದಲ್ಲಿತ್ತು. ನೀವೇ ಕೂರಿಸಿಕೊಳ್ಳಿ ಅನ್ನೋ ಸಾಹಿತ್ಯಕ್ಕೆ ನಾನು ಓದುಗನಾದದ್ದು ಹೀಗೆ.

ಹೌದು, ಸಾಹಿತ್ಯ ಅಂತಲೇ ಕರೀತೀನಿ. ಅದಕ್ಕೂ ಪ್ರಕಾರಗಳಿವೆ, ಶೈಲಿಗಳಿವೆ, ಸುಳ್ಳುಗಳೂ ಇವೆ.

ಮೊದಲನೆಯದು ಕಂಪನಿಯ ಕೈಪಿಡಿ. ಪುಟಗಟ್ಟಲೆ ಎಚ್ಚರಿಕೆ, ಕೊನೆಗೆ ಒಂದು ಮಾತು: ಅಧಿಕೃತ ಡೀಲರ್ ಹತ್ತಿರ ಹೋಗಿ. ಪ್ರಾಮಾಣಿಕ ಬರವಣಿಗೆ, ಆದರೆ ಕಮ್ಮನಹಳ್ಳಿಯಲ್ಲಿ ಕೂತವನಿಗೆ ಉಪಯೋಗವಿಲ್ಲ. ಎರಡನೆಯದು ವಿಡಿಯೋ. ಬೆಳಕು ತುಂಬಿದ ಗ್ಯಾರೇಜು, ಕಾಫಿ ಮಗ್ಗು, "ಇದೇನು ಮಹಾ ವಿದ್ಯೆಯಲ್ಲ" ಅನ್ನೋ ನಗು. ನೂರು ಡಾಲರ್ ಉಳಿಸಿಕೊಳ್ಳಿ ಅನ್ನೋ ಆಸೆ. ಉಪಯೋಗವಿದೆ, ಪ್ರಾಮಾಣಿಕತೆ ಕಮ್ಮಿ.

ವಿಡಿಯೋಗಳು ಹೇಳೋದರಲ್ಲಿ ತಪ್ಪಿಲ್ಲ. ಬೂಟಿನ ತಳದ ಉದ್ದ ಮಿಲಿಮೀಟರ್‌ನಲ್ಲಿ ಬೂಟಿನ ಮೇಲೇ ಅಚ್ಚಾಗಿರುತ್ತೆ. ಸ್ಕೀಯ ಮಧ್ಯಗೆರೆ ಎಳೆಯಬೇಕು, ಬೂಟಿನ ನಡುಗುರುತನ್ನು ಸ್ಕೀಯ ಗುರುತಿಗೆ ಹೊಂದಿಸಬೇಕು, ಕಾಗದದ ಟೆಂಪ್ಲೇಟ್ ಅಂಟಿಸಿ ಕೊರೆಯಬೇಕು. ಒಳಗೆ ಲೋಹದ ಪದರ ಇಲ್ಲದಿದ್ದರೆ ಸಾಮಾನ್ಯವಾಗಿ 3.5 ಎಂಎಂ ಬಿಟ್, ಇದ್ದರೆ 4.1. ಆಳ ಸುಮಾರು 9 ಎಂಎಂ. ಜಾಸ್ತಿ ಹೋದರೆ ಬಿಟ್ ತಳದಿಂದ ಇಣುಕುತ್ತೆ. ತೂತಿಗೆ ಒಂದು ಹನಿ ಮರದ ಗೋಂದು, ಅಂದರೆ ನಮ್ಮ ನೀರು ತಡೆಯೋ ಫೆವಿಕಾಲ್ ಜಾತಿಯದ್ದು. ಸ್ಕ್ರೂಗೆ ಬೇಕಾದದ್ದು ಪೋಝಿಡ್ರೈವ್ 3. ನಾವು ಸ್ಟಾರ್ ಅಂತ ಕರೆಯೋ ಫಿಲಿಪ್ಸ್ ನೋಡೋಕೆ ಅದರ ತಮ್ಮನಂತಿದ್ದರೂ ಬಲ ಹಾಕಿದರೆ ಜಾರಿ ಸ್ಕ್ರೂ ತಲೆಯನ್ನೇ ಸವೆಸಿಬಿಡುತ್ತೆ.

ಟೆಂಪ್ಲೇಟನ್ನು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹೊಡೆಸಿದೆ. ಡ್ರಿಲ್ ಮಷೀನ್ ನನ್ನದಲ್ಲ, ಕೆಳಗಿನ ಬೀದಿಯ ಕಾರ್ಪೆಂಟರ್ ಒಬ್ಬರದು. ಬದುಕಲ್ಲಿ ಸ್ಕೀ ನೋಡಿದವರಲ್ಲ. ಮಷೀನ್ ಕೈಗೆ ಕೊಡೋ ಮೊದಲು ಅವರು ಕೇಳಿದ್ದು ಒಂದೇ: "ಈ ಪೇಪರ್ ಅಳತೆ ಸರಿ ಇದೆ ಅಂತ ನಿಮಗೆ ಯಾರು ಹೇಳಿದ್ರು ಸಾರ್?" ಅಂಚಲ್ಲಿದ್ದ 100 ಎಂಎಂ ಗೆರೆಯ ಮೇಲೆ ಸ್ಟೀಲ್ ಸ್ಕೇಲ್ ಇಟ್ಟರು. 97 ಬಂತು. ಪ್ರಿಂಟರ್ ಪುಟಕ್ಕೆ ಹೊಂದಿಸೋ ಭರದಲ್ಲಿ ಚಿತ್ರವನ್ನು ಕುಗ್ಗಿಸಿತ್ತು. ನೂರಕ್ಕೆ 3 ಅಂದರೆ 300 ಎಂಎಂ ಬೂಟಿಗೆ 9 ಎಂಎಂ. ಸ್ಕ್ರೂಗಳು ಬೈಂಡಿಂಗಿನ ತೂತಿಗೆ ಕೂರೋ ಮಾತೇ ಇಲ್ಲ, ಹೊಸ ಸ್ಕೀ ತೂತುಬಿದ್ದ ಜರಡಿ ಆಗ್ತಿತ್ತು. ಆ ಗೆರೆ ಅಲ್ಲಿರೋದೇ ಅಳೆದು ನೋಡಲಿಕ್ಕೆ. ನಾನು ನೋಡಿದ ವಿಡಿಯೋಗಳಲ್ಲಿ ಅದಕ್ಕೆ ಸಿಕ್ಕಿದ್ದು ಎರಡು ಸೆಕೆಂಡು, ಡ್ರಿಲ್ ಸದ್ದಿಗೆ ಐದು ನಿಮಿಷ.

ಈ ಪ್ರಕಾರದ ಮೇಲೆ ನನ್ನ ತಕರಾರು ಇದೇ. ಇದು ಧೈರ್ಯ ಕಲಿಸುತ್ತೆ, ಅನುಮಾನ ಕಲಿಸಲ್ಲ. ಕೈಕೆಲಸ ಗೊತ್ತಿರೋರ ಹತ್ತಿರ ಇರೋದು ಹೆಚ್ಚಾಗಿ ಎರಡನೆಯದು.

ಸ್ಕಿನ್ ವಿಷಯಕ್ಕೆ ಬಂದರೆ ತಕರಾರು ಕಮ್ಮಿ. ಹತ್ತುವಾಗ ಸ್ಕೀ ತಳಕ್ಕೆ ಅಂಟಿಸೋ ಪಟ್ಟಿ ಅದು. ಹಿಂದೆ ಸೀಲ್ ಪ್ರಾಣಿಯ ಚರ್ಮ ಬಳಸ್ತಿದ್ದರು, ಹೆಸರು ಅದರಿಂದಲೇ. ಈಗ ಅಂಗೋರಾ ಮೇಕೆಯ ಕೂದಲು ಅಥವಾ ನೈಲಾನ್. ಬೆಕ್ಕಿನ ಬೆನ್ನು ಸವರಿದ ಹಾಗೆ: ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ತಡೆ. ಅಗಲದ ಪಟ್ಟಿ ಅಂಟಿಸಿ, ಎರಡೂ ಬದಿ ಲೋಹದ ಅಂಚು ಹೊರಗೆ ಕಾಣೋ ಹಾಗೆ ಕತ್ತರಿಸಬೇಕು. ಗಟ್ಟಿ ಹಿಮದ ಇಳಿಜಾರಲ್ಲಿ ಕಚ್ಚಿ ಹಿಡಿಯೋದು ಆ ಅಂಚೇ. ಇಲ್ಲಿ ತಪ್ಪಿದರೆ ಜಾರುತ್ತೆ, ಬೈಕೊಂಡು ಮತ್ತೆ ಹತ್ತುತ್ತೀರಿ. ನಮ್ಮೂರಿನ ಶತ್ರು ಬೇರೆಯೇ: ಧೂಳು. ಫ್ಯಾನ್ ಹಾಕಿದ ರೂಮಲ್ಲಿ ಆ ಗೋಂದನ್ನು ಹತ್ತು ನಿಮಿಷ ತೆರೆದಿಟ್ಟರೆ ಮನೆಯ ಕಸವೆಲ್ಲ ಅಲ್ಲೇ. ಇದನ್ನ ಮನೇಲಿ ಧಾರಾಳವಾಗಿ ಮಾಡಿ.

ಬೈಂಡಿಂಗ್ ಹಾಗಲ್ಲ. ಅದರ ಕೆಲಸ ಹಿಡಿಯೋದು ಮಾತ್ರ ಅಲ್ಲ, ಬಿದ್ದಾಗ ಬಿಡೋದು. ಬಿಡಬೇಕಾದಾಗ ಬಿಡದಿದ್ದರೆ ಸ್ಕೀಯ ತಿರುಚು ನೇರ ಮಂಡಿಗೆ. ಬಿಡಬಾರದಾಗ ಬಿಟ್ಟರೆ ಕಡಿದಾದ ಜಾಗದಲ್ಲಿ ನೀವು ಒಂಟಿ ಸ್ಕೀ ಮೇಲೆ. ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಸವಾರಿಯ ರೀತಿ ನೋಡಿ ಒಂದು ಅಂಕಿ ಲೆಕ್ಕ ಹಾಕಿ ತಿರುಪು ತಿರುಗಿಸ್ತೀವಿ. ಆ ಅಂಕಿ ನಿಜವಾ ಅಂತ ಹೇಳೋದು ಯಂತ್ರ. ಒಳ್ಳೆ ಸ್ಕೀ ಅಂಗಡಿಗಳಲ್ಲಿ ಬೂಟು ಎಷ್ಟು ಬಲಕ್ಕೆ ಕಳಚಿಕೊಳ್ಳುತ್ತೆ ಅಂತ ಅಳೆದು ನೋಡ್ತಾರೆ. ಗ್ಯಾರೇಜಿನ ನಗುಮುಖ ಈ ಜಾಗಕ್ಕೆ ಬಂದಾಗ ವಿಡಿಯೋ ಮುಗಿದಿರುತ್ತೆ.

ಕಾರ್ಪೆಂಟರ್ ಪಕ್ಕದಲ್ಲಿ ನಿಂತು ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಟ್ಟರು, ಕೊರೆದದ್ದು ನಾನೇ. ಡಿಸೆಂಬರ್‌ನಲ್ಲಿ ಮ್ಯೂನಿಕ್‌ನ ಅಕ್ಕನ ಮನೆಗೆ ಹೋಗುವಾಗ ಸ್ಕೀ ಹೊತ್ತುಕೊಂಡೇ ಹೋಗಿ ಯಂತ್ರಕ್ಕೆ ಹಾಕಿಸಿದೆ. ಸ್ಕ್ರೂಗಳು ಸರಿಯಾಗಿದ್ದವು. ಆದರೆ ಎಡಗಾಲಿನ ಹಿಮ್ಮಡಿ ನಾನು ಇಟ್ಟ ಅಂಕಿಗಿಂತ ಜಾಸ್ತಿ ಬಲ ಕೇಳ್ತಿತ್ತು. ಅಂಗಡಿಯವನು ಸರಿಮಾಡಿ ಮತ್ತೆ ಅಳೆದ.

"ಲೋ, ಪೂರ್ತಿ ಕೆಲಸ ಇಲ್ಲೇ ಮಾಡಿಸ್ಬಹುದಿತ್ತಲ್ಲೋ" ಅಂದಳು ಅಕ್ಕ. ನಿಜ. ಆದರೂ ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ನನ್ನ ಕಾಲ ಕೆಳಗೆ ಏನಿದೆ ಅಂತ ನನಗೆ ಈಗ ಗೊತ್ತು, ಮುಂದಿನ ಸಲ ಬೆಟ್ಟದ ಮೇಲೆ ಒಂದು ಸ್ಕ್ರೂ ಸಡಿಲವಾದರೆ ಗಾಬರಿಯಾಗಲ್ಲ. ನೀವೂ ಮಾಡಿ. ಆದರೆ ಕೊರೆಯೋ ಮುಂಚೆ ಸ್ಕೇಲ್ ಇಡಿ, ಕೊರೆದ ಮೇಲೆ ಯಂತ್ರಕ್ಕೆ ತೋರಿಸಿ. ಯಂತ್ರ ಸಿಗೋ ತನಕ ಅದು ಸ್ಕೀ ಅಲ್ಲ, ಗೋಡೆಗೆ ಒರಗಿಸಿಟ್ಟ ಚಂದದ ಹಲಗೆ.