‘ಸತಿ ಸುಲೋಚನಾ’: ಮೂಲಪ್ರತಿಯಿಲ್ಲದ ವಿಮರ್ಶೆ

ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ ೧೯೩೪ರಲ್ಲಿ ತೆರೆಕಂಡಿತು. ಇಂದ್ರಜಿತುವಿನ ಪತ್ನಿಯ ಈ ಕಥೆಯು ವಾಲ್ಮೀಕಿರಾಮಾಯಣದಲ್ಲಿಲ್ಲ. ಬೆಳ್ಳಾವೆ ನರಹರಿಶಾಸ್ತ್ರಿಗಳು ಅದನ್ನು ಹೇಗೆ ಅಳವಡಿಸಿದರು, ಸುಬ್ಬಯ್ಯನಾಯ್ಡು, ತ್ರಿಪುರಾಂಬಾ ಇವರ ಅಭಿನಯದಲ್ಲಿ ಕರುಣರಸವು ಎಷ್ಟರಮಟ್ಟಿಗೆ ಪರಿಪಾಕಗೊಂಡಿತು ಎಂಬುದೇ ವಿಮರ್ಶಕನ ಪ್ರಶ್ನೆ. ಆದರೆ ಚಿತ್ರದ ಒಂದು ಪ್ರತಿಯೂ ಉಳಿದುಬಂದಿಲ್ಲ. ಪ್ರತಿಯನ್ನು ನೋಡದೆ ಹೇಳುವ ಗುಣದೋಷವು ವಿಮರ್ಶೆಯಲ್ಲ, ಬರಿಯ ಐತಿಹ್ಯ.

ಕೌಟಿಲ್ಯನ ಅರ್ಥಶಾಸ್ತ್ರವು ಓಲೆಯಿಂದ ಓಲೆಗೆ ಪ್ರತಿಯಾಗುತ್ತ ಬಂದುದರಿಂದಲೇ ೧೯೦೯ರಲ್ಲಿ ಶಾಮಶಾಸ್ತ್ರಿಗಳಿಗೆ ಅದನ್ನು ಮೈಸೂರಿನಲ್ಲಿ ಪ್ರಕಟಿಸಲು ಸಾಧ್ಯವಾಯಿತು. ಆ ಕಾಲದ ನೈಟ್ರೇಟ್ ಫಿಲ್ಮಾದರೋ ತಾನಾಗಿ ಶಿಥಿಲವಾಗುವುದು, ಸುಲಭವಾಗಿ ಹೊತ್ತಿಕೊಳ್ಳುವುದು. ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಸ್ಥಾಪಿತವಾದುದು ಮೂವತ್ತು ವರ್ಷಗಳ ತರುವಾಯ, ೧೯೬೪ರಲ್ಲಿ. ಆದುದರಿಂದ ಉಳಿದಿರುವ ಹಳೆಯ ಚಿತ್ರಗಳನ್ನು ಓಲೆಗರಿಗಳಂತೆಯೇ ಕಾಲಕಾಲಕ್ಕೆ ಪ್ರತಿಮಾಡಿಡುವುದು ಗ್ರಂಥಸಂಪಾದನೆಗೆ ಸಮನಾದ ವಿದ್ವತ್ಕಾರ್ಯವೇ ಸರಿ.