ದಿಮಾಕು ಮತ್ತು ಕೆಚ್ಚು

ಹೈದರಾಬಾದಿಗೆ ಹೊಸದಾಗಿ ಬಂದ ಕನ್ನಡಿಗನನ್ನು ಯಾರಾದರೂ 'ದಿಮಾಗ್ ಹೈ ಕ್ಯಾ?' ಎಂದು ಗದರಿಸಿದರೆ, ತನ್ನನ್ನು ಸೊಕ್ಕಿನವನೆಂದರೆಂದು ಅವನು ತಿಳಿದಾನು. ಕೇಳಿದವನ ಪ್ರಶ್ನೆ ಬುದ್ಧಿ ಇದೆಯೇ ಎಂಬುದಷ್ಟೇ. ಗರ್ವವೆಂಬ ಅರ್ಥ ಈ ಪದಕ್ಕೆ ಪಾರ್ಸಿಯಲ್ಲಿಯೂ ಉಂಟು. ಕನ್ನಡವು ಮಿದುಳನ್ನು ಅಲ್ಲಿಯೇ ಬಿಟ್ಟು ಗರ್ವವನ್ನು ಮಾತ್ರ ತಂದುಕೊಂಡಿತು.

ಇದೊಂದೇ ಅಲ್ಲ. ಬಡಾಯಿ ಎಂದರೆ ಉರ್ದುವಿನಲ್ಲಿ ಹಿರಿಮೆ. ನಮ್ಮಲ್ಲಿ ಇಲ್ಲದ ಹಿರಿಮೆಯನ್ನು ಕೊಚ್ಚಿಕೊಳ್ಳುವುದು. ಕದ್ರ್ ಎಂದರೆ ಬೆಲೆ, ಯೋಗ್ಯತೆ; ಖದರು ಎಂದರೆ ಹೊರಗೆ ಕಾಣುವ ವರ್ಚಸ್ಸು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ, ಕಲಬುರಗಿ, ರಾಯಚೂರುಗಳ ಕಡೆಯವರಿಗೆ ಈ ಎರಡು ಮುಖಗಳೂ ಪರಿಚಿತ.

ನಿಜವಾದ ಧೈರ್ಯಕ್ಕೆ ಮಾತ್ರ ಕನ್ನಡವು ತನ್ನದೇ ಪದವನ್ನು ಇಟ್ಟುಕೊಂಡಿದೆ: ಕೆಚ್ಚು. ಅದು ಮರದ ನಡುವಿನ ಗಟ್ಟಿ ತಿರುಳು. ತೊಗಟೆಯ ಮೇಲೆ ಅದು ಕಾಣುವುದಿಲ್ಲ. ಕೊಡಲಿ ಬಿದ್ದಾಗಲೇ ತಿಳಿಯುವುದು.

ಈ ವ್ಯತ್ಯಾಸಕ್ಕೆ ನಮ್ಮ ಹಳೆಯ ಉದಾಹರಣೆ ಉತ್ತರಕುಮಾರ. ಕುಮಾರವ್ಯಾಸನ ವಿರಾಟಪರ್ವದಲ್ಲಿ ಆತ ಹೆಂಗಳೆಯರ ಮುಂದೆ ಕೊಚ್ಚಿಕೊಂಡು ಹೊರಡುತ್ತಾನೆ; ಕೌರವಸೇನೆ ಕಂಡೊಡನೆ ರಥದಿಂದಿಳಿದು ಓಡುತ್ತಾನೆ. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ಅಲ್ಲಿಗೇ ನಿಂತಿತು. ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ಹುಡುಗ ಅರ್ಜುನನ ಸಾರಥಿಯಾಗಿ, ಅದೇ ಸೇನೆಯ ಎದುರಿಗೇ ಕುದುರೆಗಳ ಲಗಾಮು ಹಿಡಿದ. ಗಾದೆ ಅವನ ಬಾಯಿಯನ್ನು ನೆನೆಯಿತು, ಕೈಯನ್ನು ಮರೆಯಿತು.

ನಾವೂ ಇದೇ ತಪ್ಪನ್ನು ಮಾಡುತ್ತೇವೆ, ಅದೂ ಮನೆಯಲ್ಲಿ. ಹಿರಿಯರ ನಡುವೆ ಹುಡುಗ ಎದುರು ಪ್ರಶ್ನೆ ಹಾಕಿದರೆ 'ಎದೆಗಾರ' ಎನ್ನುತ್ತೇವೆ. ಹುಡುಗಿ ಅದನ್ನೇ ಕೇಳಿದರೆ 'ಎಷ್ಟು ದಿಮಾಕು', ಇನ್ನೂ ಮುಂದೆ ಹೋಗಿ 'ಗಂಡುಬೀರಿ', 'ಬಜಾರಿ'. ಸಂತೆಪೇಟೆಯಲ್ಲಿ ಗಂಡಸರೂ ಕೂಗುತ್ತಾರೆ; ಬಜಾರಿನಿಂದ ಹುಟ್ಟಿದ ಬೈಗುಳ ಮಾತ್ರ ಹೆಣ್ಣಿಗೆ ಮೀಸಲು. ಪರಊರಿನಲ್ಲಿ ಬೆಳೆಯುವ ನಮ್ಮ ಹೆಣ್ಣುಮಕ್ಕಳು ಬಸ್ಸಿನಲ್ಲಿ, ಕಾಲೇಜಿನಲ್ಲಿ, ಕಛೇರಿಯಲ್ಲಿ ಮೂರು ನಾಲ್ಕು ಭಾಷೆಗಳಲ್ಲಿ ತಮ್ಮ ಪರವಾಗಿ ತಾವೇ ಮಾತನಾಡಬೇಕು. ಅವರು ಮನೆಯಲ್ಲಿ ಕೇಳುವ ಕನ್ನಡವೇ ಅವರ ಬಾಯಿ ಮುಚ್ಚಿಸಿದರೆ, ಆ ಕನ್ನಡವನ್ನು ಅವರು ಯಾಕೆ ಉಳಿಸಿಕೊಂಡಾರು?

ದಿಮಾಕು ಬೇಕಾದ ಪದವೇ. ಅದಕ್ಕೆ ತಕ್ಕವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಆದರೆ ಅದನ್ನು ಆಡುವ ಮುನ್ನ ಎದುರಿಗಿರುವುದು ತೊಗಟೆಯೋ ತಿರುಳೋ ಎಂದು ನೋಡಬೇಕು. ತಿರುಳಾಗಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಅದಕ್ಕೆ ಕೆಚ್ಚು ಎನ್ನೋಣ.